ಕಣ್ಣು ಮುಚ್ಚಿದರೂ ಕೈ ಎಲ್ಲಿದೆ ಎಂದು ತಿಳಿಯುವುದು ಹೇಗೆ?

(ಸಂಘದ ವಾರ್ಷಿಕ ಸಭೆಯಲ್ಲಿ ನೀಡಿದ ಉಪನ್ಯಾಸದ ಬರಹರೂಪ)

 

ವಿದ್ಯಾರ್ಥಿಗಳಿಗೆ ಉಪಯೋಗವಾಗುವಂಥ, ದೊಡ್ಡವರಿಗೂ ಅರ್ಥವಾಗುವಂಥ ಒಂದು ವಿಜ್ಞಾನದ ವಿಷಯ ಮಾತನಾಡಿ ಎಂದು ಕಾರ್ಯದರ್ಶಿಗಳು ಹೇಳಿದರು. ನಾನು ವಿಜ್ಞಾನದ ಶಿಕ್ಷಕಿಯಲ್ಲ. ಉರ್ದು ಮತ್ತು ಕನ್ನಡ ಕಲಿಸುವವಳು. ಆದರೂ ಒಪ್ಪಿಕೊಂಡೆ. ಏಕೆಂದರೆ ಈ ವಿಷಯ ನಮ್ಮ ಮನೆಗೂ ನನ್ನ ತರಗತಿಗೂ ತಾನಾಗಿಯೇ ಬಂದು ಸೇರಿತು. ಅದನ್ನು ತಿಳಿಯದೆ ನಾನು ಮಾಡಿದ ಎರಡು ತಪ್ಪುಗಳನ್ನೂ ಇವತ್ತು ಹೇಳಿಬಿಡಬೇಕು ಎಂದುಕೊಂಡಿದ್ದೇನೆ.

ಮೊದಲು ಒಂದು ಸಣ್ಣ ಪ್ರಯೋಗ ಮಾಡೋಣ. ಎಲ್ಲರೂ ಕುಳಿತಲ್ಲೇ ಕಣ್ಣು ಮುಚ್ಚಿ. ಬಲಗೈಯನ್ನು ಮುಂದಕ್ಕೆ ಚಾಚಿ. ಈಗ ಕಣ್ಣು ತೆರೆಯದೆ ತೋರುಬೆರಳಿನಿಂದ ಮೂಗಿನ ತುದಿಯನ್ನು ಮುಟ್ಟಿ. ಆಯಿತೆ? ಬಹುಪಾಲು ಎಲ್ಲರಿಗೂ ಸಿಕ್ಕಿತು. ಒಬ್ಬಿಬ್ಬರ ಬೆರಳು ತುಟಿಗೆ ಹೋಯಿತು, ಪರವಾಗಿಲ್ಲ.

ಈಗ ನನ್ನ ಪ್ರಶ್ನೆ. ನಿಮ್ಮ ಕಣ್ಣು ಮುಚ್ಚಿತ್ತು. ಬೆರಳು ಮೂಗಿಗೆ ತಾಗುವ ತನಕ ಅದಕ್ಕೆ ಏನೂ ತಾಗಿರಲಿಲ್ಲ. ಕೈ ಸದ್ದು ಮಾಡಲಿಲ್ಲ. ವಾಸನೆ, ರುಚಿಯ ಮಾತಂತೂ ಇಲ್ಲವೇ ಇಲ್ಲ. ಹಾಗಾದರೆ ಕೈ ಎಲ್ಲಿದೆ, ಮೂಗು ಎಲ್ಲಿದೆ, ನಡುವೆ ಎಷ್ಟು ದೂರವಿದೆ ಎಂದು ನಿಮಗೆ ಹೇಳಿದವರು ಯಾರು?

ಐದರ ಲೆಕ್ಕಕ್ಕೆ ಸೇರದ ಅರಿವು

ಕನ್ನಡ ಪಾಠದಲ್ಲಿ ನಾವು ಪಂಚೇಂದ್ರಿಯ ಎನ್ನುತ್ತೇವೆ. ಉರ್ದು ಪಾಠದಲ್ಲಿ ಹವಾಸೆ ಖಮ್ಸಾ ಎನ್ನುತ್ತೇವೆ. ಎರಡು ಭಾಷೆಯ ಲೆಕ್ಕವೂ ಐದೇ. ಕಣ್ಣು, ಕಿವಿ, ಮೂಗು, ನಾಲಿಗೆ, ಚರ್ಮ. ನಾನು ಶಾಲೆಯಲ್ಲಿ ಕಲಿತದ್ದೂ ಇದನ್ನೇ, ಬಿ.ಎಡ್. ಮುಗಿಸಿ ಬಂದು ಮಕ್ಕಳಿಗೆ ಕಲಿಸಿದ್ದೂ ಇದನ್ನೇ. ಆದರೆ ನಾವು ಈಗ ಮಾಡಿದ ಪ್ರಯೋಗಕ್ಕೆ ಈ ಐದರಲ್ಲಿ ಉತ್ತರವಿಲ್ಲ.

ನಮ್ಮ ದೇಹದ ಯಾವ ಭಾಗ ಎಲ್ಲಿದೆ, ಯಾವ ಕಡೆಗೆ ಚಲಿಸುತ್ತಿದೆ, ಎಷ್ಟು ಬಲ ಹಾಕುತ್ತಿದೆ ಎಂದು ಒಳಗಿನಿಂದಲೇ ತಿಳಿಸುವ ಬೇರೊಂದು ಅರಿವು ನಮಗಿದೆ. ಸ್ಕಾಟ್ಲೆಂಡಿನ ವೈದ್ಯ ಚಾರ್ಲ್ಸ್ ಬೆಲ್ 1826ರಲ್ಲೇ ಇದನ್ನು ಗುರುತಿಸಿ ಸ್ನಾಯುಗಳ ಅರಿವು ಎಂದು ಕರೆದರು. 1906ರಲ್ಲಿ ಇಂಗ್ಲೆಂಡಿನ ಚಾರ್ಲ್ಸ್ ಶೆರಿಂಗ್ಟನ್ ಇದಕ್ಕೆ ಪ್ರೊಪ್ರಿಯೊಸೆಪ್ಷನ್ ಎಂದು ಹೆಸರಿಟ್ಟರು. ಲ್ಯಾಟಿನ್‌ನಲ್ಲಿ ಪ್ರೊಪ್ರಿಯಸ್ ಎಂದರೆ ತನ್ನದು, ಸ್ವಂತದ್ದು. ಕಣ್ಣು ಕಿವಿಗಳು ಹೊರಗಿನ ಸುದ್ದಿ ತರುತ್ತವೆ, ಇದು ಮನೆಯೊಳಗಿನ ಸುದ್ದಿ ತರುತ್ತದೆ. ನಾವು ಕನ್ನಡದಲ್ಲಿ ಇದನ್ನು ದೇಹಸ್ಥಿತಿಯ ಅರಿವು ಎಂದು ಕರೆದುಕೊಳ್ಳೋಣ.

ನಮ್ಮ ಹಿರಿಯ ವಿದ್ವಾಂಸರೊಬ್ಬರನ್ನು ಇಲ್ಲಿ ನೆನೆಯಬೇಕು. ಕ್ರಿ.ಶ. 980ರಲ್ಲಿ ಹುಟ್ಟಿ 1037ರಲ್ಲಿ ತೀರಿಕೊಂಡ ಇಬ್ನ್ ಸೀನಾ ತಮ್ಮ ಕಿತಾಬ್ ಅಶ್‌ಶಿಫಾ ಗ್ರಂಥದಲ್ಲಿ ಒಂದು ಕಲ್ಪನೆಯನ್ನು ಮುಂದಿಡುತ್ತಾರೆ. ಒಬ್ಬ ಮನುಷ್ಯ ಒಮ್ಮೆಲೇ ಸೃಷ್ಟಿಯಾಗಿ ಗಾಳಿಯಲ್ಲಿ ತೇಲುತ್ತಿದ್ದಾನೆ. ಅವನ ಕಣ್ಣಿಗೆ ಏನೂ ಕಾಣುವುದಿಲ್ಲ. ಅವನ ಕೈಕಾಲುಗಳು ಒಂದಕ್ಕೊಂದು ತಾಗುವುದಿಲ್ಲ. ಅವನಿಗೆ ತನ್ನ ದೇಹದ ಅರಿವೇ ಇಲ್ಲ. ಆದರೂ 'ನಾನು ಇದ್ದೇನೆ' ಎಂಬುದು ಅವನಿಗೆ ತಿಳಿಯುತ್ತದೆಯೆ? ತಿಳಿಯುತ್ತದೆ ಎಂಬುದು ಇಬ್ನ್ ಸೀನಾರ ಉತ್ತರ. ಅವರು ಹೇಳಹೊರಟದ್ದು ಆತ್ಮದ ಬಗ್ಗೆ. ಆದರೆ ನಾನು ಓದಿದಾಗ ನನಗೆ ಬೇರೊಂದು ಸಂಗತಿ ಹೊಳೆಯಿತು. ಮನುಷ್ಯನಿಗೆ ತನ್ನ ದೇಹ ಮರೆತುಹೋಗಬೇಕಾದರೆ ಕಣ್ಣು ಮುಚ್ಚಿದರೆ ಸಾಲದು ಎಂಬುದು ಆ ಹಿರಿಯರಿಗೆ ಗೊತ್ತಿತ್ತು. ಅಷ್ಟು ಬಿಗಿಯಾಗಿ ಈ ಅರಿವು ನಮ್ಮನ್ನು ಹಿಡಿದುಕೊಂಡಿದೆ. ಬಿಡದೆ ಇರುವುದರಿಂದಲೇ ಅದು ನಮ್ಮ ಗಮನಕ್ಕೆ ಬರುವುದಿಲ್ಲ.

ನಮ್ಮ ಊರಿನಲ್ಲೇ ನೋಡಿ

ಇದನ್ನು ನೋಡಲು ನಾವು ದೂರ ಹೋಗಬೇಕಾಗಿಲ್ಲ. ಕೊಳ್ಳೇಗಾಲದ ರೇಷ್ಮೆ ಸೀರೆ ಎಂದರೆ ಎಲ್ಲರಿಗೂ ಗೊತ್ತು. ಗುಂಡಿ ಮಗ್ಗದಲ್ಲಿ ಕುಳಿತ ನೇಕಾರರನ್ನು ಗಮನಿಸಿದ್ದೀರಾ? ಅವರ ಕಾಲು ಗುಂಡಿಯೊಳಗಿರುತ್ತದೆ. ಕಣ್ಣು ಬಟ್ಟೆಯ ಮೇಲಿರುತ್ತದೆ. ಕೆಳಗೆ ಯಾವ ಹಲಗೆಯನ್ನು ಯಾವ ಕಾಲು ತುಳಿಯಬೇಕು ಎಂದು ಅವರು ಬಗ್ಗಿ ನೋಡುವುದಿಲ್ಲ. ಒಂದು ಕೈ ಲಾಳಿ ಓಡಿಸುತ್ತದೆ, ಇನ್ನೊಂದು ಕೈ ಬಡಿಯುತ್ತದೆ, ಕಾಲು ತನ್ನ ಪಾಡಿಗೆ ತಾನು ತುಳಿಯುತ್ತದೆ. ನಡುವೆ ಮಗ ಬಂದು ಪುಸ್ತಕಕ್ಕೆ ದುಡ್ಡು ಕೇಳಿದರೆ ಅದಕ್ಕೂ ಉತ್ತರ ಹೇಳುತ್ತಾರೆ.

ಹನೂರು ತಾಲ್ಲೂಕಿನ ಮಲೆ ಮಹದೇಶ್ವರ ಬೆಟ್ಟದ ಕಡೆಯ ಬೀಸು ಕಂಸಾಳೆಯನ್ನು ನಾವೆಲ್ಲ ನೋಡಿದ್ದೇವೆ. ಒಂದು ಕಂಚಿನ ತಾಳ ಎಡಗೈಯಲ್ಲಿ. ಇನ್ನೊಂದು ದಾರಕ್ಕೆ ಕಟ್ಟಿದ್ದು ಬಲಗೈಯಲ್ಲಿ. ಕಲಾವಿದ ಅದನ್ನು ತಲೆಯ ಮೇಲೆ, ಬೆನ್ನ ಹಿಂದೆ, ಕಾಲ ಕೆಳಗೆ ಬೀಸಿ ಸರಿಯಾಗಿ ತಾಳಕ್ಕೆ ಬಡಿಯುತ್ತಾನೆ. ಬೆನ್ನ ಹಿಂದೆ ಅವನಿಗೆ ಕಣ್ಣಿದೆಯೆ? ಇಲ್ಲ. ಎಡಗೈ ಎಲ್ಲಿದೆ, ಬಲಗೈ ಎಷ್ಟು ತಿರುಗಿದೆ ಎಂಬುದು ಒಳಗಿನಿಂದ ಅವನಿಗೆ ತಿಳಿಯುತ್ತದೆ. ಯಳಂದೂರಿನ ಬಿಳಿಗಿರಿರಂಗನ ಬೆಟ್ಟದಲ್ಲಿ ಜೇನಿಗಾಗಿ ಎತ್ತರದ ಮರ ಹತ್ತುವ ಸೋಲಿಗರ ಕಾಲಿಗೂ ಕೊಂಬೆ ಹೀಗೆಯೇ ಸಿಗುತ್ತದೆ.

ನಮ್ಮ ಅಬ್ಬಾ ರೇಷ್ಮೆ ನೂಲು ಬಿಚ್ಚುವವರು. ಚರಕದ ಒಲೆಯ ಮುಂದೆ ಕುಳಿತು ನಲವತ್ತು ವರ್ಷ ಕೆಲಸ ಮಾಡಿದ್ದಾರೆ. ಬಿಸಿನೀರಿನಲ್ಲಿ ಕುಣಿಯುವ ಗೂಡುಗಳಿಂದ ಕೂದಲಿಗಿಂತ ಸಣ್ಣ ಎಳೆಗಳನ್ನು ಹಿಡಿದು, ಒಂದು ಗೂಡು ಮುಗಿದ ಕೂಡಲೇ ಇನ್ನೊಂದರ ಎಳೆಯನ್ನು ಓಡುವ ನೂಲಿಗೆ ಎಸೆದು ಸೇರಿಸಬೇಕು. ಎಷ್ಟು ಎತ್ತರಕ್ಕೆ ಕೈ ಎತ್ತಬೇಕು, ಎಷ್ಟು ಬಲದಲ್ಲಿ ಎಸೆಯಬೇಕು ಎಂದು ನಾನು ಚಿಕ್ಕವಳಿದ್ದಾಗ ಕೇಳಿದ್ದೆ. ಅಬ್ಬಾ ಸ್ವಲ್ಪ ಹೊತ್ತು ಯೋಚಿಸಿ, "ನನಗೆ ಗೊತ್ತಿಲ್ಲ ಬೇಟಿ, ಕೈಗೆ ಗೊತ್ತು" ಎಂದರು. ನಾನು ನಕ್ಕಿದ್ದೆ. ಅದು ಸರಿಯಾದ ಉತ್ತರ ಎಂದು ತಿಳಿಯಲು ನನಗೆ ಇಪ್ಪತ್ತು ವರ್ಷ ಬೇಕಾಯಿತು.

ಕನ್ನಡದಲ್ಲಿ ಇದಕ್ಕೆ ಎಷ್ಟೊಂದು ಮಾತುಗಳಿವೆ ನೋಡಿ. ಕೈ ಪಳಗಿದೆ, ಕೈ ಕುದುರಿದೆ, ಕೈಯ ಅಂದಾಜು ಎನ್ನುತ್ತೇವೆ. ಶಾಸ್ತ್ರ ಹೆಸರಿಡುವ ಮೊದಲೇ ಕೆಲಸ ಮಾಡುವ ಜನ ಹೆಸರಿಟ್ಟಿದ್ದರು.

ಸ್ನಾಯುವಿನೊಳಗಿನ ಕದಿರು

ಇನ್ನು ಇದು ಹೇಗೆ ಕೆಲಸ ಮಾಡುತ್ತದೆ ಎಂದು ನೋಡೋಣ. ವಿದ್ಯಾರ್ಥಿಗಳು ಗಮನವಿಟ್ಟು ಕೇಳಬೇಕು.

ನಮ್ಮ ಸ್ನಾಯುಗಳ ಒಳಗೆ ಕೆಲವೇ ಮಿಲಿಮೀಟರ್ ಉದ್ದದ ಸಣ್ಣ ಅಂಗಗಳಿವೆ. ನಡುವೆ ಉಬ್ಬಿ ಎರಡು ತುದಿ ಚೂಪಾಗಿ ನೂಲಿನ ಕದಿರಿನಂತೆ ಕಾಣುತ್ತವೆ. ಆದ್ದರಿಂದ ವಿಜ್ಞಾನಿಗಳು ಇವುಗಳಿಗೆ ಸ್ನಾಯು ಕದಿರು ಎಂಬ ಅರ್ಥದ ಹೆಸರನ್ನೇ ಇಟ್ಟಿದ್ದಾರೆ. ಕದಿರಿಗೆ ನೂಲು ಸುತ್ತಿಕೊಂಡಂತೆ ಇದರ ನಡುಭಾಗಕ್ಕೆ ನರದ ತುದಿ ಸುತ್ತಿಕೊಂಡಿರುತ್ತದೆ. ಸ್ನಾಯು ಎಳೆದು ಉದ್ದವಾದರೆ ಕದಿರೂ ಎಳೆಯುತ್ತದೆ, ನರಕ್ಕೆ ಸುದ್ದಿ ಮುಟ್ಟುತ್ತದೆ. ಎಷ್ಟು ಎಳೆದಿದೆ, ಎಷ್ಟು ವೇಗವಾಗಿ ಎಳೆಯುತ್ತಿದೆ ಎಂಬ ಎರಡನ್ನೂ ಅದು ತಿಳಿಸುತ್ತದೆ. ಕುತ್ತಿಗೆಯ ಮತ್ತು ಕೈಯ ಸಣ್ಣ ಸ್ನಾಯುಗಳಲ್ಲಿ ಇಂಥ ಕದಿರುಗಳು ಹೆಚ್ಚು ಒತ್ತಾಗಿವೆ. ನಾಜೂಕಿನ ಕೆಲಸ ಎಲ್ಲಿಯೋ ಅಲ್ಲಿ ಸುದ್ದಿಗಾರರೂ ಹೆಚ್ಚು.

ಸ್ನಾಯು ಮೂಳೆಗೆ ಸೇರುವ ಸ್ನಾಯುರಜ್ಜುವಿನಲ್ಲಿ ಇನ್ನೊಂದು ಅಂಗವಿದೆ. ಇಟಲಿಯ ಕಾಮಿಲ್ಲೊ ಗಾಲ್ಜಿ ಅವರ ಹೆಸರಿನಲ್ಲಿ ಅದನ್ನು ಕರೆಯುತ್ತಾರೆ. ಎಷ್ಟು ಬಲ ಬೀಳುತ್ತಿದೆ ಎಂಬುದನ್ನು ಅದು ತಿಳಿಸುತ್ತದೆ. ಕೋಳಿಮೊಟ್ಟೆಯನ್ನು ಹಿಡಿಯುವ ಬಲ ಬೇರೆ, ನೀರಿನ ಬಿಂದಿಗೆ ಹಿಡಿಯುವ ಬಲ ಬೇರೆ ತಾನೆ? ಇವುಗಳ ಜೊತೆಗೆ ಕೀಲುಗಳಿಂದ, ಕೀಲಿನ ಮೇಲೆ ಹಿಗ್ಗುವ ಚರ್ಮದಿಂದಲೂ ಸುದ್ದಿ ಬರುತ್ತದೆ.

ಕದಿರಿನಿಂದ ಹೊರಡುವ ನರಗಳು ದೇಹದ ಅತಿ ವೇಗದ ನರಗಳ ಸಾಲಿನವು. ಸೆಕೆಂಡಿಗೆ 80ರಿಂದ 120 ಮೀಟರ್ ವೇಗದಲ್ಲಿ ಸುದ್ದಿ ಓಡುತ್ತದೆ. ಅಂದರೆ ಗಂಟೆಗೆ ಸುಮಾರು 300 ಕಿಲೋಮೀಟರ್‌ಗೂ ಹೆಚ್ಚು. ಮೆದುಳುಬಳ್ಳಿಯ ಮೂಲಕ ಅದು ಮೆದುಳಿಗೂ, ಹಿಂಬದಿಯಲ್ಲಿರುವ ಅನುಮಸ್ತಿಷ್ಕಕ್ಕೂ ತಲುಪುತ್ತದೆ. ನಾವು ಮಾಡಬೇಕೆಂದಿದ್ದ ಚಲನೆ ಮತ್ತು ನಿಜವಾಗಿ ಆದ ಚಲನೆ ಎರಡನ್ನೂ ಅನುಮಸ್ತಿಷ್ಕ ಹೋಲಿಸಿ ನೋಡಿ ವ್ಯತ್ಯಾಸ ತಿದ್ದುತ್ತದೆ. ಅಭ್ಯಾಸ ಮಾಡಿದಂತೆಲ್ಲ ಕೈ ಕುದುರುವುದು ಈ ತಿದ್ದುವಿಕೆಯಿಂದಲೇ.

ಇದರ ಜೊತೆಗೆ ಒಳಕಿವಿಯ ನೆರವೂ ಇದೆ. ಅಲ್ಲಿ ದ್ರವ ತುಂಬಿದ ಮೂರು ಅರ್ಧವೃತ್ತಾಕಾರದ ನಾಳಗಳಿವೆ. ತಲೆ ತಿರುಗಿದ್ದು, ಬಾಗಿದ್ದು ಅವುಗಳಿಂದ ತಿಳಿಯುತ್ತದೆ. ತಾಳಬೆಟ್ಟ ದಾಟಿ ಮಹದೇಶ್ವರ ಬೆಟ್ಟದ ತಿರುವುಗಳಲ್ಲಿ ಬಸ್ಸು ಹತ್ತುವಾಗ ಮೊಬೈಲು ನೋಡುತ್ತಾ ಕುಳಿತವರಿಗೆ ವಾಂತಿ ಬರುವುದೇಕೆ? ತಿರುಗುತ್ತಿದ್ದೇವೆ ಎಂದು ಕಿವಿ ಹೇಳುತ್ತದೆ, ಎದುರಿಗಿರುವುದು ಅಲ್ಲಾಡುತ್ತಿಲ್ಲ ಎಂದು ಕಣ್ಣು ಹೇಳುತ್ತದೆ. ಇಬ್ಬರ ಸಾಕ್ಷಿ ಹೊಂದುವುದಿಲ್ಲ. ಚಾಲಕರಿಗೆ ಹಾಗಾಗುವುದು ಅಪರೂಪ. ಅವರ ಕಣ್ಣು ರಸ್ತೆಯ ಮೇಲಿದೆ, ಮುಂದಿನ ತಿರುವು ಅವರಿಗೆ ಮೊದಲೇ ಗೊತ್ತು.

ಎಳೆದ ಕೂಡಲೇ ನರಕ್ಕೆ ಸುದ್ದಿ ಹೇಗೆ ಹತ್ತುತ್ತದೆ ಎಂಬುದು ಬಹಳ ಕಾಲ ಗುಟ್ಟಾಗಿತ್ತು. ಅದನ್ನು ಬಿಡಿಸಿದವರು ಆರ್ಡೆಮ್ ಪಟಪೂಟಿಯನ್ ಮತ್ತು ಅವರ ಜೊತೆಗಾರರು. ಪಟಪೂಟಿಯನ್ ಲೆಬನಾನ್ ದೇಶದ ಬೈರೂತ್‌ನಲ್ಲಿ 1967ರಲ್ಲಿ ಒಂದು ಅರ್ಮೇನಿಯನ್ ಕುಟುಂಬದಲ್ಲಿ ಹುಟ್ಟಿದರು. ಅಂತರ್ಯುದ್ಧದ ದಿನಗಳಲ್ಲಿ ಬೆಳೆದು 1986ರಲ್ಲಿ ಅಮೆರಿಕಕ್ಕೆ ಹೋದರು. ಅಲ್ಲಿ ಹೊಟ್ಟೆಪಾಡಿಗೆ ಪಿಜ್ಜಾ ತಲುಪಿಸುವ ಕೆಲಸವನ್ನೂ ಮಾಡಿದರು. ಅವರ ತಂಡ 2010ರಲ್ಲಿ ಪೀಜೋ ಎಂಬ ಪ್ರೋಟೀನುಗಳನ್ನು ಕಂಡುಹಿಡಿಯಿತು. ಇವು ಜೀವಕೋಶದ ಪೊರೆಯಲ್ಲಿರುವ ಸಣ್ಣ ಬಾಗಿಲುಗಳು. ಪೊರೆ ಎಳೆದಾಗ ಅಥವಾ ಒತ್ತಿದಾಗ ಬಾಗಿಲು ತೆರೆದು ವಿದ್ಯುತ್ ಕಣಗಳು ಒಳನುಗ್ಗುತ್ತವೆ, ನರಕ್ಕೆ ಸುದ್ದಿ ಹತ್ತುತ್ತದೆ. ದೇಹಸ್ಥಿತಿಯ ಅರಿವಿಗೆ ಬೇಕಾದದ್ದು ಇವುಗಳಲ್ಲಿ ಎರಡನೆಯದು, ಪೀಜೋ-2. ಈ ಕೆಲಸಕ್ಕಾಗಿ ಅವರಿಗೆ 2021ರ ನೊಬೆಲ್ ಪ್ರಶಸ್ತಿ ಡೇವಿಡ್ ಜೂಲಿಯಸ್ ಅವರೊಂದಿಗೆ ಸಿಕ್ಕಿತು. ಕಷ್ಟದಲ್ಲಿ ಓದುತ್ತಿರುವ ನಮ್ಮ ಮಕ್ಕಳು ಈ ಹೆಸರನ್ನು ನೆನಪಿಟ್ಟುಕೊಳ್ಳಲಿ.

ದೀಪ ಆರಿದಾಗ

ಈ ಅರಿವು ಇಲ್ಲವಾದರೆ ಏನಾಗುತ್ತದೆ? ಇಂಗ್ಲೆಂಡಿನ ಇಯಾನ್ ವಾಟರ್‌ಮನ್ ಎಂಬುವರ ಕಥೆ ವೈದ್ಯಲೋಕದಲ್ಲಿ ಪ್ರಸಿದ್ಧ. 1971ರಲ್ಲಿ ಅವರಿಗೆ 19 ವರ್ಷ. ಮಾಂಸದ ಅಂಗಡಿಯಲ್ಲಿ ಕೆಲಸ. ಒಂದು ಸೋಂಕಿನ ನಂತರ ಕುತ್ತಿಗೆಯ ಕೆಳಗೆ ಸ್ಪರ್ಶವೂ ದೇಹಸ್ಥಿತಿಯ ಅರಿವೂ ಹೊರಟುಹೋದವು. ಸ್ನಾಯುಗಳಿಗೆ ಶಕ್ತಿ ಇತ್ತು, ಅವು ಚಲಿಸುತ್ತಲೂ ಇದ್ದವು. ಆದರೆ ಕೈಕಾಲು ಎಲ್ಲಿವೆ ಎಂದು ಅವರಿಗೆ ತಿಳಿಯುತ್ತಿರಲಿಲ್ಲ. ಹಾಸಿಗೆಯಿಂದ ಏಳಲು ಆಗಲಿಲ್ಲ. ಆಮೇಲೆ ಅವರು ಕಣ್ಣಿನಿಂದ ನೋಡಿ ನೋಡಿ ಒಂದೊಂದು ಅಂಗವನ್ನೂ ನಡೆಸುವುದನ್ನು ಕಲಿತರು. ಕೂರುವುದು, ನಿಲ್ಲುವುದು, ನಡೆಯುವುದು, ಎಲ್ಲವನ್ನೂ. ಆದರೆ ದೀಪ ಆರಿದರೆ ಅವರು ನಿಂತಲ್ಲೇ ಕುಸಿಯುತ್ತಿದ್ದರು. ಕಣ್ಣಿಗೆ ಕಾಣದಿದ್ದರೆ ಅವರ ಪಾಲಿಗೆ ದೇಹವೇ ಇಲ್ಲ.

ಕರೆಂಟು ಹೋದಾಗ ನಾವು ಏನು ಮಾಡುತ್ತೇವೆ? ಗೊಣಗುತ್ತಾ ಎದ್ದು, ಕತ್ತಲಲ್ಲೇ ನಡೆದು, ಗೂಡಿನಲ್ಲಿಟ್ಟ ಬೆಂಕಿಪೊಟ್ಟಣ ಹುಡುಕುತ್ತೇವೆ. ಅಷ್ಟು ಮಾಡಲು ದೇಹದ ಒಳಗೆ ಎಷ್ಟೆಲ್ಲ ನಡೆಯಬೇಕು ಎಂಬುದನ್ನು ವಾಟರ್‌ಮನ್ ಅವರ ಕಥೆ ಓದಿದ ಮೇಲೆ ನಾನು ತಿಳಿದೆ.

ಅಬ್ಬಾ ಅವರ ಹೆಬ್ಬೆರಳು

ಈಗ ನನ್ನ ಮೊದಲ ತಪ್ಪಿನ ವಿಷಯ. ಕೆಲವು ವರ್ಷಗಳ ಹಿಂದೆ ನಮ್ಮ ಅಬ್ಬಾ ಬೆಳಿಗ್ಗೆ ಫಜರ್ ನಮಾಜಿಗೆ ವುಜೂ ಮಾಡುವಾಗ ಹಿತ್ತಲಿನ ನಲ್ಲಿಯ ಹತ್ತಿರ ಮುಂದಕ್ಕೆ ಮುಗ್ಗರಿಸಿ ಬಿದ್ದರು. ಹಣೆಗೆ ಪೆಟ್ಟಾಯಿತು. ನೆಲ ಜಾರಿರಬೇಕು ಎಂದುಕೊಂಡೆವು. ತಿಂಗಳಾಗುವುದರೊಳಗೆ ಮತ್ತೆ ಬಿದ್ದರು. ಆಗಲೂ ಮುಖಕ್ಕೆ ನೀರು ಹಾಕಿಕೊಳ್ಳುವಾಗಲೇ. ಅಮ್ಮಿ ನಜರ್ ಆಗಿದೆ ಎಂದು ಮೆಣಸಿನಕಾಯಿ ನಿವಾಳಿಸಿದರು. ನಾನು ಓದಿದವಳು, ಹಾಗೆ ಹೇಳಲಿಲ್ಲ. "ವಯಸ್ಸಾಯಿತಲ್ಲ ಅಬ್ಬಾ, ನೋಡಿಕೊಂಡು ನಿಲ್ಲಬಾರದೆ?" ಎಂದು ಗದರಿದೆ. ಅಮ್ಮಿಯ ಮೆಣಸಿನಕಾಯಿಗಿಂತ ನನ್ನ ಮಾತು ಹೆಚ್ಚು ಉರಿದಿರಬೇಕು. ಅಬ್ಬಾ ಏನೂ ಹೇಳಲಿಲ್ಲ. ಆಮೇಲಿನಿಂದ ಯಾರಿಗೂ ತಿಳಿಯದಂತೆ ಒಂದು ಕೈಯಿಂದ ಗೋಡೆ ಹಿಡಿದು ಇನ್ನೊಂದೇ ಕೈಯಲ್ಲಿ ಮುಖ ತೊಳೆಯುತ್ತಿದ್ದರು.

ಅವರಿಗೆ ಹನ್ನೆರಡು ವರ್ಷದಿಂದ ಸಕ್ಕರೆ ಕಾಯಿಲೆ. ಬೇರೆ ಕಾರಣಕ್ಕೆ ವೈದ್ಯರ ಬಳಿ ಹೋದಾಗ ಮಾತಿನ ನಡುವೆ ಈ ವಿಷಯ ಬಂತು. ವೈದ್ಯರು ಅಬ್ಬಾ ಅವರನ್ನು ಮಲಗಿಸಿ ಕಣ್ಣು ಮುಚ್ಚಿಸಿದರು. ಕಾಲಿನ ಹೆಬ್ಬೆರಳಿನ ಎರಡು ಪಕ್ಕ ಹಿಡಿದು ಮೆಲ್ಲಗೆ ಮೇಲಕ್ಕೋ ಕೆಳಕ್ಕೋ ಅಲ್ಲಾಡಿಸಿ, "ಈಗ ಬೆರಳು ಮೇಲಿದೆಯೋ ಕೆಳಗಿದೆಯೋ ಹೇಳಿ" ಎಂದರು. ನಾನು ಪಕ್ಕದಲ್ಲೇ ನಿಂತಿದ್ದೆ. ಬೆರಳು ಕೆಳಗಿತ್ತು, ಅಬ್ಬಾ "ಮೇಲೆ" ಎಂದರು. ಬೆರಳು ಮೇಲಿತ್ತು, "ಕೆಳಗೆ" ಎಂದರು. ಆಮೇಲೆ, "ಅಲ್ಲಾಡಿಸಿದ್ದೀರಾ ಡಾಕ್ಟರ್?" ಎಂದು ಕೇಳಿದರು. ಎಳೆಯ ತೂಕ ಬೆರಳಲ್ಲೇ ಹೇಳುತ್ತಿದ್ದ ಮನುಷ್ಯ ತನ್ನ ಕಾಲಿನ ಬೆರಳು ಎಲ್ಲಿದೆ ಎಂದು ತಿಳಿಯದೆ ಮಲಗಿದ್ದರು.

ಆಮೇಲೆ ವೈದ್ಯರು ಅವರನ್ನು ಕಾಲು ಜೋಡಿಸಿ ನಿಲ್ಲಿಸಿದರು. ಕಣ್ಣು ತೆರೆದಿದ್ದಾಗ ನಿಂತರು. ಕಣ್ಣು ಮುಚ್ಚಿದ ಕೂಡಲೇ ತೂಗಾಡಿದರು. 19ನೇ ಶತಮಾನದ ಜರ್ಮನಿಯ ವೈದ್ಯ ರಾಂಬರ್ಗ್ ಅವರ ಹೆಸರಿನ ಪರೀಕ್ಷೆ ಇದು. ನಾವು ನೇರವಾಗಿ ನಿಲ್ಲಲು ಮೂರು ಆಸರೆಗಳಿವೆ. ಕಣ್ಣು, ಒಳಕಿವಿ, ಮತ್ತು ಕಾಲಿನಿಂದ ಬರುವ ದೇಹಸ್ಥಿತಿಯ ಅರಿವು. ಒಂದು ಕೈಕೊಟ್ಟರೆ ಉಳಿದೆರಡು ಹೇಗೋ ನಿಭಾಯಿಸುತ್ತವೆ. ಅಬ್ಬಾ ಅವರ ಕಾಲಿನ ಸುದ್ದಿ ಆಗಲೇ ಕಡಿಮೆಯಾಗಿತ್ತು, ಕಣ್ಣಿನ ಬಲದಿಂದ ನಿಲ್ಲುತ್ತಿದ್ದರು. ಮುಖಕ್ಕೆ ನೀರು ಹಾಕಿಕೊಳ್ಳುವಾಗ ಎಲ್ಲರೂ ಕಣ್ಣು ಮುಚ್ಚುತ್ತಾರೆ. ಆ ಒಂದು ಗಳಿಗೆಯಲ್ಲಿ ಎರಡನೆಯ ಆಸರೆಯೂ ಹೋಗುತ್ತಿತ್ತು. ಮುಖ ತೊಳೆಯುವಾಗ ಬೀಳುವುದು ವೈದ್ಯರಿಗೆ ಚೆನ್ನಾಗಿ ಪರಿಚಯವಿರುವ ಲಕ್ಷಣವಂತೆ. ನಮಗೆ ಮಾತ್ರ ತಿಳಿದಿರಲಿಲ್ಲ.

ಬಹಳ ಕಾಲದ ಸಕ್ಕರೆ ಕಾಯಿಲೆ ನರಗಳನ್ನು ಕೆಡಿಸುತ್ತದೆ. ಅತಿ ಉದ್ದದ ನರಗಳು ಪಾದಕ್ಕೆ ಹೋಗುವುವಾದ್ದರಿಂದ ಮೊದಲು ಕೆಡುವುದು ಪಾದವೇ. ವಿಟಮಿನ್ ಬಿ-12 ಕೊರತೆಯಿಂದಲೂ ಹೀಗಾಗುತ್ತದೆ. ಅದು ಮೆದುಳುಬಳ್ಳಿಯಲ್ಲಿ ಈ ಸುದ್ದಿ ಹೋಗುವ ದಾರಿಯನ್ನೇ ಹಾಳುಮಾಡುತ್ತದೆ, ಬೇಗ ಗೊತ್ತಾದರೆ ಚಿಕಿತ್ಸೆಯಿದೆ. ಈಗ ಅಬ್ಬಾ ಸ್ಟೂಲಿನ ಮೇಲೆ ಕುಳಿತು ವುಜೂ ಮಾಡುತ್ತಾರೆ. ನಲ್ಲಿಯ ಹತ್ತಿರ ದೀಪ ಹಾಕಿಸಿದ್ದೇವೆ, ಗೋಡೆಗೆ ಹಿಡಿಕೆ ಹಾಕಿಸಿದ್ದೇವೆ. ಆಮೇಲೆ ಅವರು ಬಿದ್ದಿಲ್ಲ, ಅಲ್‌ಹಮ್ದುಲಿಲ್ಲಾಹ್.

ಹಾಳೆ ಹರಿಯುವಂತೆ ಬರೆಯುತ್ತಿದ್ದ ಹುಡುಗ

ಎರಡನೆಯ ತಪ್ಪು ತರಗತಿಯದು. ಆ ಹುಡುಗನ ಹೆಸರು ಬೇಡ, ಶಾಲೆಯ ಹೆಸರೂ ಬೇಡ. ಏಳನೆಯ ತರಗತಿ. ಬಾಯಿಂದ ಕೇಳಿದರೆ ಪಾಠವೆಲ್ಲ ಹೇಳುತ್ತಿದ್ದ. ಪದ್ಯ ಒಂದೇ ದಿನಕ್ಕೆ ಬಾಯಿಪಾಠ. ಬರೆಯಲು ಕೂತರೆ ಹಾಳೆ ಹರಿಯುವಂತೆ ಪೆನ್ಸಿಲ್ ಒತ್ತುತ್ತಿದ್ದ. ಅಕ್ಷರಗಳು ಒಂದು ದೊಡ್ಡದು, ಒಂದು ಚಿಕ್ಕದು, ಸಾಲು ಬಿಟ್ಟು ಹಾರುತ್ತಿದ್ದವು. ಬೆಂಚುಗಳ ನಡುವೆ ಬರುವಾಗ ಯಾರ ಚೀಲವನ್ನಾದರೂ ಎಡವುತ್ತಿದ್ದ. ಬಿಸಿಯೂಟದ ತಟ್ಟೆ ಕೈಜಾರುತ್ತಿತ್ತು. ಮಕ್ಕಳು ಅವನಿಗೆ ಅಡ್ಡಹೆಸರಿಟ್ಟಿದ್ದರು. ನಾನು ತಡೆಯಲಿಲ್ಲ. ಸೋಮಾರಿ ಎಂದೆ, ಗಮನವಿಲ್ಲ ಎಂದೆ. ಒಂದು ಪುಟವನ್ನು ಹತ್ತು ಸಲ ಬರೆಸಿದೆ. ಹತ್ತನೆಯ ಪುಟ ಮೊದಲನೆಯದಕ್ಕಿಂತ ಕೆಟ್ಟದಾಗಿತ್ತು. ಅವನ ಕೈ ಸೋತಿತ್ತು ಎಂದು ಈಗ ತಿಳಿಯುತ್ತದೆ.

ಅಬ್ಬಾ ಅವರ ಹೆಬ್ಬೆರಳನ್ನು ನೋಡಿ ಬಂದ ಮೇಲೆ ನಾನು ಈ ವಿಷಯ ಓದತೊಡಗಿದೆ. ಓದುತ್ತಾ ಓದುತ್ತಾ ಆ ಹುಡುಗ ಕಣ್ಣಮುಂದೆ ಬಂದ. ಚಲನೆಗಳನ್ನು ಹೊಂದಿಸಿಕೊಳ್ಳುವುದರಲ್ಲೇ ಹುಟ್ಟಿನಿಂದ ತೊಡಕಿರುವ ಮಕ್ಕಳಿದ್ದಾರೆ. ಶಾಲೆಗೆ ಹೋಗುವ ಮಕ್ಕಳಲ್ಲಿ ನೂರಕ್ಕೆ ಸುಮಾರು 5-6 ಮಕ್ಕಳಿಗೆ ಇಂಥ ತೊಡಕಿದೆ ಎನ್ನುತ್ತಾರೆ. ಅಂದರೆ 40 ಮಕ್ಕಳ ತರಗತಿಯಲ್ಲಿ ಇಬ್ಬರು. ಬುದ್ಧಿಗೂ ಇದಕ್ಕೂ ಸಂಬಂಧವಿಲ್ಲ. ಒಳಗಿನ ಸುದ್ದಿಯನ್ನು ಬಳಸಿಕೊಂಡು ಬಲವನ್ನೂ ದಿಕ್ಕನ್ನೂ ತೂಗಿನೋಡುವುದು ಅಂಥ ಮಕ್ಕಳಲ್ಲಿ ಅನೇಕರಿಗೆ ಕಷ್ಟ. ಪೆನ್ಸಿಲ್ ಒತ್ತಿ ಹಿಡಿಯುವುದು ಸಿಟ್ಟಿನಿಂದಲ್ಲ, ಗಟ್ಟಿಯಾಗಿ ಒತ್ತಿದರೆ ಮಾತ್ರ ಕೈಯ ಸುದ್ದಿ ಸ್ಪಷ್ಟವಾಗಬಹುದು ಎಂಬುದಕ್ಕೆ.

ಎರಡು ಲಿಪಿ ಕಲಿಯುವ ನಮ್ಮ ಮಕ್ಕಳ ಕೈಗೆ ಕೆಲಸ ಇನ್ನೂ ಹೆಚ್ಚು. ಉರ್ದು ಬಲದಿಂದ ಎಡಕ್ಕೆ ಇಳಿಜಾರಿನಲ್ಲಿ ಹರಿಯುತ್ತದೆ. ಕನ್ನಡ ಎಡದಿಂದ ಬಲಕ್ಕೆ, ದುಂಡಗೆ, ತಲೆಕಟ್ಟು, ಗುಡಿಸು, ಒತ್ತಕ್ಷರಗಳ ಜೊತೆ. ಒಂದೇ ಕೈ ಒಂದು ಗಂಟೆಯಲ್ಲಿ ಒಂದು, ಮುಂದಿನ ಗಂಟೆಯಲ್ಲಿ ಇನ್ನೊಂದು ಬರೆಯಬೇಕು. ಬಹುತೇಕ ಮಕ್ಕಳು ಇದನ್ನು ಕಲಿತುಬಿಡುತ್ತಾರೆ ಎಂಬುದೇ ಆಶ್ಚರ್ಯ. ನಾನು ಕಣ್ಣು ಮುಚ್ಚಿ ಎರಡೂ ಲಿಪಿಯಲ್ಲಿ ನನ್ನ ಹೆಸರು ಬರೆದು ನೋಡಿದೆ. ಸಾಲು ಸ್ವಲ್ಪ ಏರಿತ್ತು, ಅಕ್ಷರ ಕೆಡಲಿಲ್ಲ. ಅಕ್ಷರದ ಆಕಾರ ಕಣ್ಣಿನಲ್ಲಿ ಮಾತ್ರವಲ್ಲ, ಕೈಯಲ್ಲೂ ಇದೆ.

ಹಿಂದಿನ ಗುರುಗಳು ಮರಳಿನ ಮೇಲೆ ಮಗುವಿನ ಬೆರಳು ಹಿಡಿದು ಅಕ್ಷರ ತಿದ್ದಿಸುತ್ತಿದ್ದರು. ಉಸ್ತಾದರು ತಖ್ತಿಯ ಮೇಲೆ ಕಲಮು ಹಿಡಿದ ಕೈಯ ಮೇಲೆ ತಮ್ಮ ಕೈಯಿಟ್ಟು ಅಲಿಫ್ ಎಳೆಸುತ್ತಿದ್ದರು. ಕೈ ಹಿಡಿದು ತಿದ್ದಿಸುವುದು ಎಂಬ ಮಾತು ಬಂದದ್ದೇ ಅಲ್ಲಿಂದ. ಅದು ಹಳೆಯ ಪದ್ಧತಿ ಎಂದು ನಾವು ಬಿಟ್ಟೆವು. ಆ ಹುಡುಗನಿಗೆ ನಾನು ಹತ್ತು ಪುಟ ಬರೆಸಿದೆ, ಒಂದು ಸಲವೂ ಕೈ ಹಿಡಿದು ತಿದ್ದಿಸಲಿಲ್ಲ. ಮುಂದೆ ಅವನು ಎಂಟನೆಯ ತರಗತಿಗೆ ಬೇರೆ ಶಾಲೆಗೆ ಹೋದ. ಒಂಬತ್ತಕ್ಕೆ ಓದು ಬಿಟ್ಟ ಎಂದು ಕೇಳಿದೆ. ಬಿಟ್ಟದ್ದಕ್ಕೆ ಬೇರೆ ಕಾರಣಗಳೂ ಇರಬಹುದು. ನನ್ನ ಪಾಲು ಎಷ್ಟು ಎಂದು ನಾನು ಇವತ್ತಿಗೂ ಲೆಕ್ಕ ಹಾಕುತ್ತಿರುತ್ತೇನೆ.

ನಾವು ಮಾಡಬಹುದಾದದ್ದು

ಶಿಕ್ಷಕ ಬಾಂಧವರಲ್ಲಿ ನನ್ನ ವಿನಂತಿ. ಬಾಯಲ್ಲಿ ಚೆನ್ನಾಗಿ ಹೇಳಿ ಬರೆಯುವುದರಲ್ಲಿ ಮಾತ್ರ ಸೋಲುವ, ಪದೇ ಪದೇ ಎಡವುವ ಮಗುವನ್ನು ಬೈಯುವ ಮೊದಲು ಒಂದು ಸಲ ಗಮನಿಸಿ. ದಪ್ಪ ಹಿಡಿಕೆಯ ಪೆನ್ಸಿಲ್, ಮರಳಿನ ತಟ್ಟೆ, ಗೋಡೆಯ ಹಲಗೆಯ ಮೇಲೆ ಇಡೀ ತೋಳಾಡಿಸಿ ದೊಡ್ಡದಾಗಿ ಬರೆಸುವುದು ಇವುಗಳನ್ನು ಮಾಡಿನೋಡಿ. ಇವಕ್ಕೆ ಹೆಚ್ಚು ಖರ್ಚಿಲ್ಲ. ಪಾಲಕರಿಗೆ ವೈದ್ಯರ ಸಲಹೆ ಕೇಳಲು ಹೇಳಿ. 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯಲ್ಲಿ ಡಿಸ್‌ಗ್ರಾಫಿಯಾ ಅಂದರೆ ಬರವಣಿಗೆಯ ತೊಡಕು, ಡಿಸ್‌ಪ್ರಾಕ್ಸಿಯಾ ಅಂದರೆ ಚಲನೆಯ ತೊಡಕು ಎರಡೂ ಹೆಸರು ಹಿಡಿದು ಸೇರಿವೆ. ಪ್ರಮಾಣಪತ್ರ ಇದ್ದರೆ ಪರೀಕ್ಷೆಯಲ್ಲಿ ಹೆಚ್ಚು ಸಮಯ ಕೇಳಬಹುದು. ಇದನ್ನು ಎಷ್ಟು ಜನ ತಾಯಂದಿರಿಗೆ ನಾವು ಹೇಳಿದ್ದೇವೆ?

ಮನೆಯ ಹಿರಿಯರಿಗೆ ಸಕ್ಕರೆ ಕಾಯಿಲೆ ಇದ್ದರೆ ವರ್ಷಕ್ಕೊಮ್ಮೆಯಾದರೂ ಪಾದದ ಪರೀಕ್ಷೆ ಮಾಡಿಸಿ. ಕತ್ತಲಲ್ಲಿ ತಡವರಿಸುತ್ತಾರೆಯೆ, ಮುಖ ತೊಳೆಯುವಾಗ ತೂಗಾಡುತ್ತಾರೆಯೆ, ಚಪ್ಪಲಿ ಕಳಚಿದ್ದು ಅವರಿಗೆ ತಿಳಿಯುವುದಿಲ್ಲವೆ ನೋಡಿ. ಹೌದಾದರೆ ವೈದ್ಯರಿಗೆ ತಿಳಿಸಿ. ಮಸೀದಿಯ ವುಜೂಖಾನೆಗಳಲ್ಲಿ ಕುಳಿತುಕೊಳ್ಳಲು ಕಟ್ಟೆ ಇರುತ್ತದೆ. ಅದರ ಪಕ್ಕ ಹಿಡಿದುಕೊಂಡು ಏಳಲು ಒಂದು ಕಂಬಿ ಹಾಕಿಸಿದರೆ ಎಷ್ಟೋ ಹಿರಿಯರಿಗೆ ಅನುಕೂಲ. ಪದಾಧಿಕಾರಿಗಳು ಇದನ್ನು ದಯವಿಟ್ಟು ಯೋಚಿಸಬೇಕು.

ಕೊನೆಯದಾಗಿ ವಿದ್ಯಾರ್ಥಿಗಳಿಗೆ ಒಂದು ಮಾತು. ವಿದ್ಯಾರ್ಥಿವೇತನದ ಅರ್ಜಿಯಲ್ಲಿ ತಂದೆಯ ವಿದ್ಯಾರ್ಹತೆ ಎಂಬ ಜಾಗವಿದೆ. ಅಲ್ಲಿ 'ಓದಿಲ್ಲ' ಎಂದು ಬರೆಯುವಾಗ ನಿಮ್ಮಲ್ಲಿ ಕೆಲವರು ಕೈ ಅಡ್ಡ ಹಿಡಿಯುವುದನ್ನು ನಾನು ನೋಡಿದ್ದೇನೆ. ನಾನೂ ಹಿಡಿದಿದ್ದೆ. ನಮ್ಮ ಅಬ್ಬಾ ಓದಿದ್ದು ಮೂರನೆಯ ತರಗತಿ. ಆದರೆ ಓಡುವ ನೂಲಿಗೆ ಎಳೆ ಎಸೆದು ಸೇರಿಸಲು ನಾನು ಒಂದು ಮಧ್ಯಾಹ್ನ ಪೂರ್ತಿ ಕೂತು ಪ್ರಯತ್ನಿಸಿದೆ, ನನ್ನಿಂದ ಆಗಲಿಲ್ಲ. ಮನೆಗೆ ಹೋಗಿ ನಿಮ್ಮ ತಂದೆಯ, ತಾಯಿಯ ಕೈ ಕೆಲಸ ಮಾಡುವುದನ್ನು ಒಂದು ಹತ್ತು ನಿಮಿಷ ನೋಡಿ. ಆಮೇಲೆ ಅವರನ್ನು ಕೇಳಿ, ಇದು ಹೇಗೆ ಗೊತ್ತಾಗುತ್ತದೆ ಎಂದು. ಏನು ಹೇಳಿದರು ಎಂಬುದನ್ನು ಬರೆದು ತನ್ನಿ. ಮುಂದಿನ ಸಂಚಿಕೆಗೆ ನಾವೇ ತಿದ್ದಿ ಕೊಡುತ್ತೇವೆ, ಅಕ್ಷರ ಹೇಗಿದ್ದರೂ ಚಿಂತೆಯಿಲ್ಲ.